ನಾ ಎಡಕ್ಕ ಹೋಗಾಕಿ

ನಾನು ಸ್ಟೀರಿಂಗ್ ಮುಂದೆ ಕೂತರೆ ಸಾಕು, ಎಲ್ಲಿಂದಲೋ ಒಬ್ಬರು ಬಂದು ಬುದ್ಧಿ ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದು ತಪ್ಪಿಲ್ಲ. ಹೇಳುವವರಿಗೆ ದಣಿವಾಗಿಲ್ಲ, ಕೇಳುವ ಅಭ್ಯಾಸ ನನಗೂ ಆಗಿಲ್ಲ.

ನಮ್ಮದು ಮರಾಠಿ ಸೀಮೆಯಲ್ಲಿರುವ ಕಾಸಾರಶಿರಸಿ ಕಡೆಯ, ಕನ್ನಡ ಮಾತಿನ ಒಕ್ಕಲುತನದ ಮನೆ. ಯಜಮಾನರು ತೀರಿಕೊಂಡಾಗ ಅವರ ಜೀಪು ಅಂಗಳದಲ್ಲಿ ನಿಂತಿತ್ತು. ‘ಮಾರಿಬಿಡೋಣು’ ಅಂದರು ಭಾವ, ಅಂದರೆ ಯಜಮಾನರ ಅಣ್ಣ. ನಾನು ಮಾರಲಿಲ್ಲ, ಕಲಿತೆ. ಉಮರ್ಗಾ ಬಜಾರಿಗೆ ಟೊಮೆಟೊ ಹೋದದ್ದು, ನಿಲಂಗಾದಿಂದ ಗೊಬ್ಬರ ಬಂದದ್ದು, ಮಗಳು ಉದಗೀರಿಗೆ ಹೋಗಿ ನರ್ಸಿಂಗ್ ಓದಿದ್ದು ಎಲ್ಲ ಆ ಜೀಪಿನಲ್ಲೇ.

ಆ ಮಗಳು ಈಗ ನ್ಯೂಜಿಲೆಂಡಿನಲ್ಲಿ ನರ್ಸು. ಹೋದ ವರ್ಷ ಚೊಚ್ಚಲ ಬಸುರಿ. ಅವರಿರುವುದು ಒಂದು ಸಣ್ಣ ಊರು, ಆಸ್ಪತ್ರೆಗೆ ಒಂದು ತಾಸಿನ ದಾರಿ, ಬಸ್ಸಿನ ಸುಳಿವಿಲ್ಲ. ಅಳಿಯ ಹೈನಿನ ಫಾರ್ಮಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಯ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಅವನು ಗಾಡಿ ಕಲಿತದ್ದು ಉಮರ್ಗಾದಲ್ಲಿ.

ಮಗಳು ಫೋನು ಮಾಡಿದಳು. ‘ಅವ್ವಾ, ಬರೀ ಬಾಣಂತನಕ್ಕ ಬರಬ್ಯಾಡ, ಗಾಡಿ ಹೊಡೆಯಾಕ ಬಾ. ಬ್ಯಾನಿ ಬಂದಾಗ ನಾ ಸ್ವಂತ ಹೊಡಕೊಂಡು ಹೋಗಾಕಾಗ್ತದೇನು?’

‘ಅಲ್ಲಿ ಯಾ ಕಡಿ ಹೊಡೀತಾರವಾ?’

‘ನಮ್ಮಂಗ ಎಡಕ್ಕ. ಆದ್ರ ಅವ್ವಾ, ಇಲ್ಲಿ ಖರೇನ ಎಡಕ್ಕ ಹೊಡೀತಾರ!’

ಭಾವನವರ ಹಕ್ಕು

ಸುದ್ದಿ ಕೇಳಿ ಭಾವ ರುಮಾಲು ಬಿಚ್ಚಿ, ಮತ್ತೆ ಸುತ್ತಿ, ಕಟ್ಟೆಯ ಮೇಲೆ ಕೂತರು. ಮನೆಯ ದೊಡ್ಡ ವಿಷಯಗಳಿಗೆಲ್ಲ ಇದೇ ಮುನ್ನುಡಿ.

‘ಪರದೇಶ ಅದ. ಹೆಣಮಕ್ಕಳು ಒಬ್ಬರs ಹೋಗೂದು, ಮ್ಯಾಲೆ ಗಾಡಿ ಹೊಡಿಯೂದು, ಸರಿ ಕಾಣಂಗಿಲ್ಲ. ನಾ ಹೋಗ್ತೀನಿ.’

‘ನೀವು ಹೋಗಿ ಏನ್ ಮಾಡ್ತೀರಿ ಭಾವ?’

‘ಗಾಡಿ ಹೊಡೀತೀನಿ.’

‘ನಿಮಗ ಗಾಡಿ ಹೊಡೆಯಾಕ ಬರ್ತದೇನ್ರಿ?’

ಭಾವ ನನ್ನನ್ನು ಕನಿಕರದಿಂದ ನೋಡಿದರು. ‘ಬರಂಗಿಲ್ಲ, ಖರೆ. ಆದ್ರ ಕಲೀಬಹುದಲ್ಲ!’

ಇಪ್ಪತ್ತೆರಡು ವರ್ಷ ಅದೇ ಜೀಪಿನಲ್ಲಿ ನನ್ನ ಪಕ್ಕ ಕೂತು, ಪ್ರತಿ ತಿರುವಿಗೂ ‘ಹಗೂರ, ಹಗೂರ’ ಅಂದ ಮನುಷ್ಯ! ನನಗೆ ನಗುವೂ ಬಂತು, ಸಿಟ್ಟೂ ಬಂತು. ಟಿಕೆಟ್ ನನ್ನ ಹೆಸರಿನಲ್ಲೇ ತೆಗೆಸಿದೆ.

ಕಲಿಸುವವರಿಗೆ ಕಲಿಸುವವರು

ಆದರೂ ಮನಸ್ಸಿನಲ್ಲಿ ಅಳುಕು. ಅಳಿಯ ಫೇಲಾದದ್ದು ಯಾಕೆಂದು ಮಗಳು ಹೇಳಿದ್ದಳು. ಮೊದಲ ಸಲ ಡಿವೈಡರ್ ಸುತ್ತಿ ಬರುವ ಬದಲು ಎದುರು ದಾರಿಯಲ್ಲೇ ನುಗ್ಗಿಸಿದ್ದನಂತೆ. ಎರಡನೇ ಸಲವೂ ಅದನ್ನೇ ಮಾಡಿದ, ಆದರೆ ಈ ಸಲ ಕೈ ತೋರಿಸಿ ಮಾಡಿದ.

ನನ್ನ ಕೈಗೂ ಅದೇ ರೂಢಿ ಅಂಟಿದ್ದರೆ ಮಗಳ ಗತಿ ಏನು? ಉಮರ್ಗಾಕ್ಕೆ ಹೋಗಿ ಒಂದು ಡ್ರೈವಿಂಗ್ ಕ್ಲಾಸಿನಲ್ಲಿ ವಿಚಾರಿಸಿದೆ. ಅಲ್ಲಿಯ ಮಾಸ್ತರ ಇನ್ನೂ ಬಂದಿರಲಿಲ್ಲ. ನೋಡುತ್ತೇನೆ, ಹೈವೇ ಮೇಲೆ ಎದುರಿನಿಂದ ಬರುವ ಲಾರಿಗಳ ಕಡೆಗೇ ಮುಖ ಮಾಡಿ, ಮೋಟರ್‌ಸೈಕಲ್ ಮೇಲೆ ಆರಾಮಾಗಿ ಬಂದಿಳಿದ.

‘ನನಗ ಎಡಕ್ಕ ಹೊಡೆಯೂದು ಪಕ್ಕಾ ಕಲಿಸಪಾ’ ಅಂದೆ.

‘ಅದೇನ್ ಕಲಿಸೂದ್ರಿ ಅಕ್ಕಾ? ನಾವೆಲ್ಲಾ ಎಡಕ್ಕ ಹೊಡೀತೀವಲ್ಲ.’

‘ನೀ ಈಗ ಯಾ ಕಡಿಂದ ಬಂದಿ?’

ಮಾಸ್ತರ ತಿರುಗಿ ಹೈವೇ ನೋಡಿದ, ಮೋಟರ್‌ಸೈಕಲ್ ನೋಡಿದ, ಕೊನೆಗೆ ನನ್ನನ್ನು ನೋಡಿದ. ಒಂದಿಷ್ಟೂ ಅಳುಕಿಲ್ಲದೆ ಹೇಳಿದ: ‘ಈಗ ಕ್ಲಾಸ್ ಸುರು ಆಗಿಲ್ಲಲ್ರಿ!’

ಕ್ಲಾಸು ಬೇಡವೆಂದು ಬಂದುಬಿಟ್ಟೆ. ನನಗೆ ನಾನೇ ಕಲಿಸಿಕೊಳ್ಳುತ್ತೇನೆ, ಏನೇ ಆದರೂ ರಸ್ತೆಯ ಎಡಭಾಗ ಬಿಡುವುದಿಲ್ಲ ಎಂದು ಅಂದೇ ಪಣ ತೊಟ್ಟೆ.

ರಸ್ತೆಯ ಮೇಲಿನ ಕಣ

ಪಣ ಎಂಟು ದಿನ ಸುಸೂತ್ರ ನಡೆಯಿತು. ಒಂಬತ್ತನೇ ದಿನ ಊರ ಹತ್ತಿರದ ರಸ್ತೆಯಲ್ಲಿ ಎಡಭಾಗವೇ ಇರಲಿಲ್ಲ. ಉದ್ದಿನ ಸುಗ್ಗಿಯ ಕಾಲ. ನಮ್ಮ ಕಡೆ ಡಾಂಬರು ರಸ್ತೆ ಇರುವುದು ಅರ್ಧ ವಾಹನಕ್ಕೆ, ಅರ್ಧ ರಾಶಿಗೆ. ಕಿತ್ತ ಉದ್ದಿನ ಗಿಡಗಳನ್ನು ಯಾರೋ ದಾರಿಯ ಎಡಕ್ಕೆ ಉದ್ದಕ್ಕೂ ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದರು. ಎಲ್ಲರೂ ಬಲಕ್ಕೆ ಸರಿದು ಹೋಗುತ್ತಿದ್ದರು. ನಾನು ನಿಂತೆ.

ಬೇವಿನ ಮರದ ಕೆಳಗಿಂದ ಒಬ್ಬ ಮುದುಕಿ ಕಸಬರಿಗೆ ಹಿಡಿದು ಎದ್ದು ಬಂದಳು. ‘ಯಾಕ ನಿಂತಿ ತಂಗಿ? ಎಲ್ಲಾರೂ ಬಲಕ್ಕ ಹೊಂಟಾರಲ್ಲ.’

‘ಹೋದ್ರ ಹೋಗಲಿ ಆಯಿ. ನಾ ಎಡಕ್ಕ ಹೋಗಾಕಿ.’

ನನ್ನ ಹಿಂದೆ ಟೆಂಪೊ ನಿಂತಿತು, ಅದರ ಹಿಂದೆ ಒಂದು ಟ್ರ್ಯಾಕ್ಟರ್. ಟೆಂಪೊದವನು ಕಿಡಿಕಾರಿದ, ನಾನು ಕದಲಲಿಲ್ಲ. ಮುದುಕಿ ಜಗಳಕ್ಕೆ ಬರುತ್ತಾಳೆ ಅಂದುಕೊಂಡೆ. ಆಕೆ ನೆಟ್ಟಗೆ ಹೋಗಿ ಒಂದೊಂದೇ ಕಲ್ಲು ಎತ್ತಿ ಬದಿಗಿಟ್ಟಳು.

‘ಬಾ, ಇದರ ಮ್ಯಾಲೆ ಹಾಯಿಸು. ಮುಂಜಾನಿಂದ ಯಾರರ ಹಾಯಿಸ್ತಾರೇನಂತ ನೋಡಾಕತ್ತೀನಿ, ಗಾಳಿಗೆ ಹಾರಬಾರದಂತ ಇಟ್ಟ ಕಲ್ಲು ಕಂಡು ಎಲ್ಲಾ ಬಾಜೂ ಹೋಗಾಕತ್ಯಾರ.’

ಹಾಯಿಸಿದೆ. ಕಾಯಿ ಪಟಪಟ ಒಡೆದವು. ಆ ತುದಿ ಮುಟ್ಟುವುದರಲ್ಲಿ ಹಿಂದಿನಿಂದ ಕೂಗು: ‘ಒಂದು ಸಲಕ್ಕ ಆಗಂಗಿಲ್ಲವ್ವಾ, ಹಿಂದ ಬಾ!’

ಆ ದಿನ ಒಂದು ತಾಸು ಮುಂದಕ್ಕೂ ಹಿಂದಕ್ಕೂ ಓಡಾಡಿ, ಎಡಭಾಗ ಬಿಡದೆ, ಆಕೆಯ ಉದ್ದು ಪೂರಾ ಒಕ್ಕಿಕೊಟ್ಟೆ. ಹೊರಡುವಾಗ ಪರದೇಶಕ್ಕೆ ಹೋಗುವ ಸಂಗತಿ ಹೇಳಿದೆ. ಮುದುಕಿ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ‘ಹೆದರಬ್ಯಾಡ. ಇಂಥಾ ಕೈಗೆ ಎಲ್ಲಿ ಹೋದ್ರೂ ಕೆಲಸ ಸಿಗ್ತದ.’

ಹಾರ್ನು ಒತ್ತದ ದಿನ

ಮಗಳು ಇನ್ನೊಂದು ಬಾಂಬು ಹಾಕಿದಳು. ಅಲ್ಲಿ ಯಾರೂ ಹಾರ್ನ್ ಒತ್ತುವುದಿಲ್ಲವಂತೆ, ಒತ್ತಿದರೆ ಬೈದಂತೆ. ಇದನ್ನೂ ರೂಢಿ ಮಾಡೋಣವೆಂದು ಉಮರ್ಗಾದಿಂದ ಉದಗೀರಿನವರೆಗೆ ಹಾರ್ನ್ ಮುಟ್ಟದೆ ಹೋಗುವುದೆಂದು ಹೊರಟೆ.

ಕಾಸಾರಶಿರಸಿ ಸಂತೆಯಲ್ಲಿ ಒಂದು ಎಮ್ಮೆ ಜೀಪಿಗೆ ಮೈ ತಿಕ್ಕಿಕೊಂಡು ನಿಂತಿತು, ಅದಕ್ಕೆ ತೃಪ್ತಿಯಾಗುವತನಕ ನಾನು ಕಾದೆ. ಮುಂದೆ ಇಬ್ಬರು ಹಿರಿಯರು ನಡುರಸ್ತೆಯಲ್ಲಿ ಬೀಗತನದ ಮಾತು ನಡೆಸಿದ್ದರು, ಹುಡುಗಿ ಒಪ್ಪಿಗೆಯಾಗಿ ತಾರೀಖು ಗೊತ್ತಾಗುವತನಕ ಕಾದೆ. ಹಿಂದಿನವರೆಲ್ಲ ನನ್ನ ಪರವಾಗಿ ಒತ್ತಿದರು.

ನಿಲಂಗಾದಲ್ಲೂ ನಾನು ಹೀಗೇ ಕಾಯುವುದನ್ನು ಗ್ಯಾರೇಜಿನ ಮಿಸ್ತ್ರಿಯೊಬ್ಬ ದೂರದಿಂದ ನೋಡಿ ಪಾನಾ ಹಿಡಿದು ಓಡಿಬಂದ. ‘ಬಾನೆಟ್ ತೆಗೀರಿ ಅಕ್ಕಾ, ಎರಡು ಮಿನಿಟಿನ ಕೆಲಸ.’

‘ಏನೂ ಕೆಟ್ಟಿಲ್ಲಪಾ.’

‘ಹಾರ್ನ್ ಬಾರಿಸವಲ್ದು ಅಲ್ರೀ?’

‘ಬಾರಿಸ್ತದ. ನಾ ಒತ್ತಾಕತ್ತಿಲ್ಲ.’

ಮಿಸ್ತ್ರಿ ಪಾನಾ ಕೆಳಗಿಟ್ಟ. ಮುಖ ಸಣ್ಣದಾಯಿತು, ದನಿ ಇಳಿಯಿತು. ‘ತಪ್ಪಾತ್ರಿ ಅಕ್ಕಾ. ಮನ್ಯಾಗ ಯಾರು ಹೋದ್ರು?’

ಕಾಕಾನ ಪರವಾನಗಿ

ಹೊರದೇಶದಲ್ಲಿ ಗಾಡಿ ನಡೆಸಲು ಬೇರೆ ಪರವಾನಗಿ ಪತ್ರ ಬೇಕು. ಅದಕ್ಕೆ ಜಿಲ್ಲೆಯ ಊರಿಗೆ ಹೋಗುವಾಗ ಭಾವ ಜೊತೆಗೇ ಹೊರಟರು. ‘ಆಫೀಸಿನ ಕೆಲಸ ಅದ, ಗಂಡಸರು ಮಾತಾಡಬೇಕು’ ಅಂದರು.

ಕೌಂಟರಿನಲ್ಲಿದ್ದ ಸಾಹೇಬರು ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು ಭಾವನವರ ಮುಖ ನೋಡಿದರು. ಎಷ್ಟು ವರ್ಷದಿಂದ ಗಾಡಿ ನಡೆಸುತ್ತೀರಿ ಕಾಕಾ ಎಂದು ಮರಾಠಿಯಲ್ಲಿ ಕೇಳಿದರು.

‘ಬಾವೀಸ ವರ್ಷ!’ ಅಂದರು ಭಾವ, ನನ್ನ ಇಪ್ಪತ್ತೆರಡು ವರ್ಷಕ್ಕೆ ತಾವು ಎದೆ ಉಬ್ಬಿಸಿ.

ಅಪಘಾತ ಏನಾದರೂ?

‘ಒಂದೂ ಇಲ್ಲ ಸಾಹೇಬ. ನಮ್ಮ ಕೈ ಭಾಳ ಹಗುರ.’

ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ ಅಂದುಕೊಂಡೆ. ಸಾಹೇಬರು ಲೈಸೆನ್ಸ್ ಕೇಳಿದರು, ನಾನು ಕೊಟ್ಟೆ. ಅವರು ಅದರಲ್ಲಿದ್ದ ಕುಂಕುಮವಿಲ್ಲದ, ವಿಭೂತಿ ಹಚ್ಚಿದ ಹೆಣ್ಣುಮುಖ ನೋಡಿದರು, ಭಾವನವರ ಮೀಸೆ ನೋಡಿದರು, ಇನ್ನೊಮ್ಮೆ ಫೋಟೊ ನೋಡಿದರು.

‘ಕಾಕಾ, ಇವತ್ತು ಇಲ್ಲಿತನಕ ಗಾಡಿ ಯಾರು ಹೊಡಕೊಂಡು ಬಂದ್ರು?’ ಈಗ ಸಾಹೇಬರಿಗೂ ಕನ್ನಡ ಬಂತು.

ಭಾವ ನನ್ನ ಕಡೆ ಗದ್ದ ಎತ್ತಿ ತೋರಿಸಿದರು. ‘ಆಕಿ ಹೊಡೆದಾಳ್ರಿ. ನಾ ಬಾಜೂ ಕೂತು ಕಲಿಸ್ಕೋತ ಬಂದೀನಿ.’

ಹಿಂಡು

ನ್ಯೂಜಿಲೆಂಡಿಗೆ ಮುಟ್ಟಿದ ಹತ್ತನೇ ದಿನ, ಮಧ್ಯಾಹ್ನ ಊಟದ ಹೊತ್ತಿಗೆ ಮಗಳಿಗೆ ಬ್ಯಾನಿ ಸುರುವಾಯಿತು. ಅಳಿಯ ಬ್ಯಾಗು ಹಿಡಿದು ಮೂರು ಸಲ ಮನೆ ಸುತ್ತು ಹಾಕಿದ. ‘ಗಾಡ್ಯಾಗ ಹತ್ತಪಾ’ ಎಂದು ಗದರಿದೆ.

ನಿಜ ಹೇಳುತ್ತೇನೆ, ನನ್ನ ಜೀವ ಬಾಯಿಗೆ ಬಂದಿತ್ತು. ಗೇರಿಲ್ಲದ ಗಾಡಿ, ಗುರುತಿಲ್ಲದ ದಾರಿ, ಹಿಂದಿನ ಸೀಟಿನಲ್ಲಿ ನನ್ನ ಮಗಳು ನರಳುತ್ತಿದ್ದಾಳೆ. ಆದರೆ ಎರಡು ತಿಂಗಳು ಎಮ್ಮೆಗೂ ಟೆಂಪೊಕ್ಕೂ ಮಣಿಯದ ಕೈ ಅದು, ಗಾಡಿಯನ್ನು ತಾನಾಗಿ ಎಡಕ್ಕೆ ಹಿಡಿಯಿತು. ಸರ್ಕಲ್ ಬಂದಲ್ಲಿ ನಿಯಮದಂತೆ ಸುತ್ತಿದೆ, ಕೆಂಪು ದೀಪ ಇದ್ದಲ್ಲಿ ನಿಂತೆ. ಎಡಭಾಗ ಬಿಡಲಿಲ್ಲ, ಹಾರ್ನ್ ಮುಟ್ಟಲಿಲ್ಲ.

ಅರ್ಧ ದಾರಿಗೆ ಎಲ್ಲ ನಿಂತಿತು. ಹಾಲು ಕರೆಯುವ ಹೊತ್ತು. ನೂರಾರು ಆಕಳು ಈ ಹೊಲದಿಂದ ಆ ಹೊಲಕ್ಕೆ ರಸ್ತೆ ದಾಟುತ್ತಿವೆ. ಅರ್ಧ ದಾಟಿ, ಉಳಿದವು ನಡುರಸ್ತೆಯಲ್ಲೇ ಗುಂಪುಗೂಡಿ ನಿಂತುಬಿಟ್ಟವು. ನಾಲ್ಕು ಗಾಲಿಯ ಬೈಕಿನ ಮೇಲೆ ಅವುಗಳ ಯಜಮಾನ ಹಿಂದೆ ಎಲ್ಲೋ ಸಿಕ್ಕಿಕೊಂಡಿದ್ದ. ಹಿಂದೆ ಮುಂದೆ ಕಾರುಗಳ ಸಾಲು. ಯಾರೂ ಪಿಟ್ಟೆನ್ನುವುದಿಲ್ಲ.

‘ಅವ್ವಾ, ಇನ್ನ ಆಗವಲ್ದು’ ಅಂದಳು ಮಗಳು.

‘ಅತ್ತೀ, ಇಲ್ಲಿ ರೂಲ್ ಅದ, ದಾಟೂತನಕ ಕಾಯಬೇಕು’ ಅಂದ ಅಳಿಯ. ರೂಲಿನಲ್ಲಿ ಎರಡು ಸಲ ಫೇಲಾದವನು!

‘ರೂಲ್ ಗಾಡಿಗೆ. ಆಕಳಿಗಲ್ಲ’ ಎಂದು ಇಳಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಬೇಲಿಯ ಬದಿಗೆ ಬಿದ್ದಿದ್ದ ಟೊಂಗೆ ಎತ್ತಿಕೊಂಡೆ. ‘ಹೋಯ್! ಹೈ ಹೈ ಹೈ! ಏ ಕರಿ, ಸರಿ ಆ ಕಡಿ! ನಡಿ, ನಡಿ!’

ಹುಟ್ಟಿದಾಗಿನಿಂದ ಕನ್ನಡ ಕೇಳದ ಆಕಳುಗಳು. ಆದರೆ ಗಂಟಲಿನಲ್ಲಿ ಅರ್ಜಂಟಿದ್ದರೆ ಜಾನುವಾರಿಗೆ ತಿಳಿಯುತ್ತದೆ. ದೊಡ್ಡದೊಂದು ಆಕಳು ಕಿವಿ ನಿಮಿರಿಸಿ ಹೆಜ್ಜೆ ಕಿತ್ತಿತು. ಉಳಿದವು ಅದರ ಬೆನ್ನು ಹಿಡಿದವು. ಬೈಕಿನವನು ಬಾಯಿ ತೆರೆದುಕೊಂಡು ನೋಡಿದ. ನಾನು ಟೊಂಗೆ ಅವನ ಕೈಗೇ ಕೊಟ್ಟು ಬಂದೆ.

ಗಾಡಿ ಹೊರಡುತ್ತಲೇ ಎರಡೂ ಸಾಲಿನ ಕಾರುಗಳಿಂದ ಪೀಂ ಪೀಂ ಪೀಂ!

‘ಇಲ್ಲಿ ಬೈಯಾಕ ಹಾರ್ನ್ ಒತ್ತತಾರ ಅಂದಿದ್ದಿ?’ ಎಂದು ಕೆರಳಿದೆ.

ಮಗಳು ಹಲ್ಲು ಕಚ್ಚಿಕೊಂಡೇ ನಕ್ಕಳು. ‘ಇದು ಶಾಬಾಸಕಿ ಅವ್ವಾ. ನೀ ಹೊಡಿ!’

ಆಸ್ಪತ್ರೆ ಸೇರಿ ಒಂದು ತಾಸಿಗೆ ಮೊಮ್ಮಗಳು ಹುಟ್ಟಿದಳು. ಅವಳನ್ನು ಎತ್ತಿಕೊಂಡಾಗ ನಾನು ಅತ್ತುಬಿಟ್ಟೆ. ಯಾರೂ ನೋಡಲಿಲ್ಲ, ಅಳಿಯ ನನಗಿಂತ ಜೋರಾಗಿ ಅಳುತ್ತಿದ್ದ. ಆಮೇಲೆ ಭಾವನವರಿಗೆ ಫೋನು ಮಾಡಿದೆ.

‘ಹೆಣ್ಣು ಕೂಸು ಭಾವ. ಇಬ್ಬರೂ ಆರಾಮ ಅದಾರ. ಆಸ್ಪತ್ರಿತನಕ ಗಾಡಿ ನಾನs ಹೊಡೆದೆ.’

ಆ ಕಡೆಯಿಂದ ಬಟ್ಟೆಯ ಸರಸರ ಸದ್ದು. ರುಮಾಲು ಬಿಚ್ಚಿ ಸುತ್ತುತ್ತಿದ್ದಾರೆಂದು ನನಗೆ ಗೊತ್ತಾಯಿತು.

‘ಭಾಳ ಚೊಲೊ ಆತು’ ಅಂದರು. ದನಿ ಒದ್ದೆಯಾಗಿತ್ತು. ಕೂಡಲೇ ಸಾವರಿಸಿಕೊಂಡರು. ‘ಮತ್ತ ಕೇಳು. ನಿನ್ನ ರಕ್ತದ ಕೂಸು ಅದು, ನಾಳೆ ಗಾಡಿ ಹೊಡೀತೀನಂತ ಹಟ ಹಿಡಿತದ. ಕಲಿಸಾಕ ಒಬ್ಬ ಗಂಡಸು ಬೇಕಲ್ಲ. ನಾ ಬರ್ತೀನಿ.’

‘ನಿಮಗ ಬರ್ತದೇನ್ರಿ ಭಾವ?’

‘ಬರಂಗಿಲ್ಲ, ಖರೆ. ಆಕಿ ದೊಡ್ಡಾಕಿ ಆಗೂತನಕ ಇನ್ನ ಹದಿನೆಂಟು ವರ್ಷ ಅದಲ್ಲ!’

‘ಆತು ಭಾವ’ ಅಂದೆ. ‘ಆಗ ಬನ್ರಿ. ನಿಮಗೂ ಆಕಿಗೂ ಕೂಡೇ ಕಲಿಸ್ತೀನಿ.’