ಅರ್ಧಣ್ಣನ ನೂರು

ಅರ್ಧಣ್ಣನಿಗೆ ಆ ಹೆಸರು ಬಿದ್ದದ್ದು ಅವನ ಲೆಕ್ಕದಿಂದ. ಅವನ ಕಂಪನಿ ಮಾರುವ ಯಂತ್ರದಲ್ಲಿ ಕೊಳವೆಗಳೊಳಗೆ ಬಿಸಿ ಎಣ್ಣೆ, ಸುತ್ತಲೂ ತಣ್ಣೀರು. ಎಣ್ಣೆಯಿಂದ ನೀರಿಗೆ ಶಾಖ ಎಷ್ಟು ದಾಟುತ್ತದೆಂದು ಕಂಪ್ಯೂಟರಿನಲ್ಲಿ ಹರಿಸಿ ನೋಡುವುದು ಅವನ ಕೆಲಸ. ಯಂತ್ರದ ಎಡ ಬಲ ಒಂದೇ ತರಹ. ಹಾಗಾಗಿ ಅರ್ಧ ಯಂತ್ರಕ್ಕಷ್ಟೇ ಲೆಕ್ಕ ಹಾಕಿ, ಬಂದ ಉತ್ತರವನ್ನು ಎರಡರಿಂದ ಗುಣಿಸುತ್ತಿದ್ದ. ಲೆಕ್ಕ ಬಲ್ಲವರೆಲ್ಲ ಮಾಡುವುದು ಹೀಗೇ. ಕಚೇರಿಗೆ ಮಾತ್ರ ಅದು ಶುದ್ಧ ಸೋಮಾರಿತನ.

ಆ ಬೆಳಿಗ್ಗೆ ಐವತ್ತು ಕಿಲೋವ್ಯಾಟ್ ಬಂತು. ಗುಣಿಸಿ ನೂರು ಎಂದು ಬರೆದು, ಕೆಳಗೆ ‘ಅರ್ಧ ಯಂತ್ರದ ಲೆಕ್ಕ’ ಎಂದು ಪ್ರಾಮಾಣಿಕವಾಗಿ ಸೇರಿಸಿದ. ಎಡವಟ್ಟಾದದ್ದು ಅಲ್ಲೇ. ಗಿರಾಕಿಯಾದ ಸಾಬೂನು ಕಾರ್ಖಾನೆಗೆ ತೊಂಬತ್ತಿದ್ದರೆ ಸಾಕಿತ್ತು. ಅವರು ಒಪ್ಪಿದರೆ ಅರ್ಧಣ್ಣನ ಕೆಲಸ ಖಾಯಂ.

ಮಧ್ಯಾಹ್ನ ವರದಿಯ ಪ್ರತಿ ಕೈಗೆ ಬಂದಾಗ ಅದರಲ್ಲಿ ನಾನೂರು!

“ಯಾರ್ರೀ ಇದನ್ನ ಮುಟ್ಟಿದ್ದು?”

“ಗುಣಿಸೋದು ಮರ್ತಿದ್ದೀಯ ಅಂತ ನಾನೇ ಗುಣಿಸ್ದೆ. ಉಪಕಾರ ಮಾಡಿದ್ರೆ ಮೈಮೇಲೆ ಬರ್ತೀಯಲ್ಲ!” ಎಂದ ಪಕ್ಕದ ಮೇಜಿನ ನಕ್ಷೆಗಾರ.

ಅದು ಇನ್ನೂರಾಯಿತು. ಮಿಕ್ಕದ್ದು? ಅರ್ಧಣ್ಣ ಮ್ಯಾನೇಜರ್ ಕೋಣೆಗೆ ನುಗ್ಗಿದ. ಮ್ಯಾನೇಜರ್ ಅವನ ಹೆಂಡತಿಯ ಅಣ್ಣ ಬೇರೆ.

“ಭಾವ, ನೀವೂ ಗುಣಿಸಿದ್ರಾ?”

“ಅರ್ಧ ಯಂತ್ರ ಅಂತ ನೀನೇ ಬರ್ದಿದ್ದೀಯಲ್ಲಯ್ಯಾ! ನಿನ್ನ ತಪ್ಪನ್ನ ನಾನಲ್ದೆ ಇನ್ಯಾರು ತಿದ್ಬೇಕು?”

“ನಾನೂರು ಅಂತ ಮಾರಿ, ಅಲ್ಲಿ ನೂರೇ ಬಂದ್ರೆ ನನ್ನ ಕುತ್ತಿಗೆಗೆ ಬರುತ್ತೆ!”

“ಕೂಗಾಡ್ಬೇಡ. ಮೀಟಿಂಗಿಗೆ ನೀನು ಬರೋದೇ ಬೇಡ, ಹೋಗು.”

ಲೆಕ್ಕ ಮಾಡಿದವನನ್ನೇ ಹೊರಗಿಟ್ಟು ಲೆಕ್ಕ ಮಾರುವುದೇ? ಇದ್ಯಾವ ನ್ಯಾಯ? ಅರ್ಧಣ್ಣ ಒಲೆಯ ಮೇಲೆ ಮರೆತ ಹಾಲಿನಂತೆ ಸಂಜೆವರೆಗೂ ಕಾದ. ಗಿರಾಕಿಯ ಕಾರು ಬಂದದ್ದೇ ಉಕ್ಕಿದ. ವರದಿ ಹಿಡಿದು ಮೀಟಿಂಗಿಗೆ ನುಗ್ಗಿ, ಪರದೆಗೆ ಬೆನ್ನು ಹಾಕಿ ನಿಂತು ಕೂಗಿದ: “ಅಮ್ಮಾ, ಇವರು ತೋರಿಸ್ತಿರೋದು ಸುಳ್ಳು! ನಾಲ್ಕರಿಂದ ಭಾಗಿಸಿ, ಅದೇ ನಿಜ!”

ಕಾರ್ಖಾನೆಯ ಒಡತಿ ಹುಬ್ಬೇರಿಸಿದರು. “ಹಾಗಾದ್ರೆ ಬರೀ ಇಪ್ಪತ್ತೈದಾ?”

ಅರ್ಧಣ್ಣ ತಿರುಗಿ ನೋಡಿದ. ಪರದೆಯ ಮೇಲೆ ನೂರು ಇತ್ತು.

“ನೀನು ಹೋದ್ಮೇಲೆ ಸರಿ ಮಾಡಿದ್ದೆ ಕಣೋ!” ಭಾವ ಹಲ್ಲು ಕಡಿದರು.

“ಅಮ್ಮಾ, ನೂರೇ ಸರಿ! ನನ್ನಾಣೆಗೂ ನೂರೇ!”

ಒಡತಿ ಎದ್ದು ನಿಂತರು. “ಪಾಪ, ಮ್ಯಾನೇಜರಿಗೆ ಹೆದರಿ ಮಾತು ತಿರುಗಿಸ್ತಿದ್ದೀರಿ. ಇಲ್ಲಿ ನಿಜ ಹೇಳೋರು ನೀವೊಬ್ರೇ. ನಿಮ್ಮ ಮೊದಲ್ನೇ ಮಾತನ್ನೇ ನಂಬ್ತೀನಿ.”

ಇಡೀ ದಿನದಲ್ಲಿ ಅವನನ್ನು ನಂಬಿದವರು ಅವರೊಬ್ಬರೇ. ಅವರೂ ಕಾರು ಹತ್ತಿ ಹೊರಟುಹೋದರು. ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಅರ್ಧಣ್ಣನ ಹೆಸರು ಕಾಲಣ್ಣ ಎಂದಾಗಿತ್ತು.