ನಾನು ನಾನೇ ಎಂದು ಹೇಳುವವರು

ಒಬ್ಬಂಟಿಯಾಗಿರುವ ಗಂಡಸಿಗೆ ಬೇಕಾದಷ್ಟು ಸುಖಗಳಿವೆ ಎಂದು ಮದುವೆಯಾದ ಗೆಳೆಯರು ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಹಾಸಿಗೆ ಮಡಿಸದಿದ್ದರೆ ಮುಖ ಸಿಂಡರಿಸುವವರಿಲ್ಲ. ಅನ್ನ ಸೀದರೆ ಕಾರಣ ಕೇಳುವವರಿಲ್ಲ. ಸಾರಿಗೆ ಉಪ್ಪು ಮರೆತರೆ ಅದು ನನಗೂ ಸಾರಿಗೂ ಸಂಬಂಧಿಸಿದ ಮಾತು, ಮೂರನೆಯವರು ನಡುವೆ ಬಾಯಿ ಹಾಕುವುದಿಲ್ಲ. ಆದರೆ ಒಂದು ತೊಂದರೆಯನ್ನು ಮಾತ್ರ ಈ ಗೆಳೆಯರು ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ನಾನು ನಾನೇ ಹೌದು ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಒಬ್ಬರಾದರೂ ಬೇಕು. ನಾನೇ ಹೇಳಿಕೊಂಡರೆ ನಡೆಯುವುದಿಲ್ಲ. ಇದು ನನಗೆ ತಿಳಿದದ್ದು ಇಳಕಲ್ಲಿನಲ್ಲಿ, ಎರಡನೆಯ ಸಾರ್ವತ್ರಿಕ ಚುನಾವಣೆಯ ದಿನ, ಅದೂ ನನ್ನದೇ ವರ್ಗದ ಕೋಣೆಯಲ್ಲಿ, ನನ್ನದೇ ಮೇಜಿನ ಮುಂದೆ ನಿಂತಾಗ.

ನನ್ನ ಊರು ಬಾದಾಮಿಯ ಮಗ್ಗುಲಲ್ಲಿ, ಬನಶಂಕರಿಯ ಗುಡಿಗೆ ನಡೆದು ಹೋಗುವಷ್ಟು ಹತ್ತಿರ. ಮಾಸ್ತರಿಕೆ ನನ್ನನ್ನು ಮೊದಲು ಹುನಗುಂದದಲ್ಲಿ ಇಳಿಸಿತು, ಆಮೇಲೆ ಇಳಕಲ್ಲಿಗೆ ತಂದು ಬಿಟ್ಟಿತು. ಆ ಊರಿನಲ್ಲಿ ನಾಲ್ಕು ವರ್ಷ ಕಳೆದಿದ್ದೆ. ಕಿರಾಣಿ ಅಂಗಡಿಯವನಿಗೆ ನಾನು ಮಾಸ್ತರ. ಹಾಲು ಹಾಕುವವಳಿಗೆ ಮಾಸ್ತರ. ಎದುರಿಗೆ ಬಂದವರೆಲ್ಲ ‘ನಮಸ್ಕಾರ್ರಿ ಮಾಸ್ತರ’ ಎಂದು ಮರ್ಯಾದೆಯಿಂದ ಹಾದು ಹೋಗುತ್ತಿದ್ದರು. ಇದರಾಚೆ ನನಗೊಂದು ಹೆಸರಿದೆ ಎಂಬ ಸಂಶಯ ಯಾರಿಗೂ ಬಂದಂತೆ ಕಾಣಲಿಲ್ಲ, ನಾನೂ ಸಾರಿಕೊಂಡು ಹೋಗಲಿಲ್ಲ. ಅಂಚೆಯವನಿಗಾದರೂ ಗೊತ್ತಿರಬೇಕಿತ್ತು. ಆದರೆ ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡ ಮೇಲೆ ನನಗೆ ಕಾಗದ ಬರೆಸುವವರು ಇರಲಿಲ್ಲ. ‘ವಾಸ್ಯಾ, ಉಂಡೇನೋ’ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ಅವಳ ಜೊತೆಗೆ ವಾಸ್ಯಾನೂ ಹೋದ, ಮಾಸ್ತರ ಉಳಿದ.

ಅಂಥ ನನಗೆ ಸರಕಾರ ವಹಿಸಿದ ಕೆಲಸ ಯಾವುದು ಎಂದರೆ, ಮನೆಮನೆಗೆ ಹೋಗಿ ಊರವರ ಹೆಸರು ಬರೆದುಕೊಳ್ಳುವುದು. ಮತದಾರರ ಯಾದಿ ಆಗಬೇಕಿತ್ತು. ಮೊದಲನೆಯ ಚುನಾವಣೆಯಲ್ಲಿ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳದೆ ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದು ಬರೆಸಿ, ಆಮೇಲೆ ಆ ಹೆಸರುಗಳನ್ನೆಲ್ಲ ಮೇಲಿನವರು ಹೊಡೆದು ಹಾಕಿದ್ದರು. ಈ ಸಲ ಸ್ವಂತ ಹೆಸರೇ ಬೇಕು ಎಂದು ಹುಕುಂ ಬಂದಿತ್ತು. ಹುಕುಂ ಬರೆದವರು ಕುರ್ಚಿಯ ಮೇಲೆ ಕುಳಿತು ಬರೆದಿದ್ದರು. ಅದನ್ನು ಹಿಡಿದುಕೊಂಡು ಬಿಸಿಲಿನಲ್ಲಿ ಬಾಗಿಲು ಬಾಗಿಲಿಗೆ ನಿಂತವನು ನಾನು. ಹೆಸರು ಕೇಳಿದರೆ ಹೆಣ್ಣುಮಕ್ಕಳು ಒಳಗೆ ಓಡುತ್ತಿದ್ದರು. ಗಂಡಸರು, ‘ಹೆಣ್ಣಮಕ್ಕಳ ಹೆಸರ ತಗೊಂಡು ಏನ ಮಾಡ್ತೀರಿ ಮಾಸ್ತರ’ ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಮದುವೆಯಾಗದವನು ಕೇಳಬಾರದ ಪ್ರಶ್ನೆ ಅದು. ವಯಸ್ಸಿನ ಪಾಡು ಇನ್ನೊಂದು ಬಗೆ. ಮುದುಕರು ಹತ್ತು ವರ್ಷ ಏರಿಸಿ ಹೇಳುತ್ತಿದ್ದರು, ಮಧ್ಯವಯಸ್ಸಿನವರು ಅಷ್ಟೇ ಇಳಿಸುತ್ತಿದ್ದರು. ಒಟ್ಟಿನಲ್ಲಿ ಊರಿನ ಲೆಕ್ಕ ಸರಿಹೋಗುತ್ತಿತ್ತು ಎಂದು ನಾನು ಸಮಾಧಾನ ಮಾಡಿಕೊಂಡೆ.

ನೇಕಾರರ ಓಣಿಯಲ್ಲಿ ಈರಪ್ಪ ಎಂಬವರ ಮನೆಗೆ ಹೋದಾಗ ಈರಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರು. ಅವರ ತಾಯಿ ಬಾಗಿಲ ಬಳಿ ರಾಟಿಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದರು. ತಾಯಿಯ ಹೆಸರೇನು ಎಂದು ಕೇಳಿದೆ. ಈರಪ್ಪ ಕೈ ನಿಲ್ಲಿಸದೆ, ‘ಈರಪ್ಪನ ತಾಯಿ ಅಂತ ಬರಕೊಳ್ರಿ’ ಎಂದರು.

‘ಹೋದ ಸಲ ಹಂಗ ಬರಸಿದ್ದಕ್ಕ ಏನಾತು?’ ಎಂದೆ.

ಉತ್ತರ ಕೊಟ್ಟವರು ತಾಯಿ. ‘ಏನಾಗೂದ್ರಿ? ಹೊಸಾ ಸೀರಿ ಉಟಕೊಂಡು ಹೋದ್ನಿ. ಇಲ್ಲಿ ನಿನ್ನ ಹೆಸರಿಲ್ಲ ಅಂದ್ರು. ತಿರುಗಿ ಬಂದ್ನಿ.’

‘ಅದಕ್ಕ ಹೇಳ್ರಿ ಈಗ. ನಿಮ್ಮ ಹೆಸರೇನು?’

ರಾಟಿ ನಿಂತಿತು. ಮಗ್ಗವೂ ನಿಂತಿತು, ಈರಪ್ಪನಿಗೂ ಕೇಳಬೇಕಾಗಿತ್ತೇನೋ. ಅಜ್ಜಿ, ‘ನನ್ನ ಹೆಸರ ನನಗೂ ಕೇಳಿ ಭಾಳ ದಿನಾ ಆತು’ ಎಂದು ನಕ್ಕು, ಹೆಸರು ಹೇಳಿದರು. ನಾನು ಬರೆದುಕೊಂಡೆ. ಪುಸ್ತಕ ಮುಚ್ಚಿ ಎದ್ದಾಗ ಅವರು, ‘ಇರ್ರಿ, ನಾ ಹೇಳಿದ್ನಿ, ಈಗ ನೀವು ಹೇಳ್ರಿ. ನಿಮ್ಮ ಹೆಸರೇನ್ರಿ ಮಾಸ್ತರ?’ ಎಂದರು.

ನನಗೆ ಒಮ್ಮೆಲೆ ಹೊಳೆಯಲಿಲ್ಲ. ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ‘ವಾಸುದೇವ’ ಎಂದೆ.

‘ತಂದಿ ಹೆಸರು?’

‘ವೆಂಕಣ್ಣ. ಅಡ್ಡಹೆಸರು ಕಟ್ಟಿ.’

‘ವಯಸ್ಸು?’

‘ನಲವತ್ತೊಂದು.’

‘ಮನ್ಯಾಗ ಮತ್ತ್ಯಾರು ಅದಾರು?’

‘ಯಾರೂ ಇಲ್ಲ.’

‘ಹೌದೇನ್ರಿ’ ಎಂದು ಅವರು ತಿರುಗಿ ರಾಟಿಗೆ ಕೈ ಹಚ್ಚಿದರು. ಓಣಿಯ ತುದಿಯವರೆಗೆ ನಡೆದು ಹೋಗುವಾಗ ನನಗೆ ಕಣ್ಣು ತುಂಬಿ ಬಂದಿತ್ತು. ಧೂಳಿಗೆ ಇರಬೇಕು ಎಂದುಕೊಂಡೆ, ಆದರೆ ಅಂದು ಗಾಳಿ ಇರಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಯಾದಿಯ ಕೊನೆಯಲ್ಲಿ ನನ್ನ ಹೆಸರನ್ನು ನಾನೇ ಬರೆದುಕೊಂಡೆ. ವಾಸುದೇವ ವೆಂಕಣ್ಣ ಕಟ್ಟಿ, ಗಂಡು, ಎಂದು ಬರೆದು ವಯಸ್ಸಿನ ಮನೆಗೆ ಬಂದಾಗ ಲೆಕ್ಕಣಿಕೆ ತಾನಾಗಿ ಮೂವತ್ತೆರಡು ಎಂದು ಬರೆಯಿತು. ಮತದಾರರ ಯಾದಿ ನೋಡಿ ಯಾರೂ ಹೆಣ್ಣು ಕೊಡುವುದಿಲ್ಲ. ಊರಿನ ಅರ್ಧ ಜನ ಸುಳ್ಳು ಹೇಳಿದ್ದಾರೆ, ನನ್ನದೊಂದು ಹೆಚ್ಚಾದರೆ ಏನು ಎಂದುಕೊಂಡಿರಬೇಕು.

ಚುನಾವಣೆ ಬಂತು. ನಮ್ಮ ಶಾಲೆಯ ಮಾಸ್ತರರನ್ನೆಲ್ಲ ಮತಗಟ್ಟೆಯ ಕೆಲಸಕ್ಕೆ ಬೇರೆ ಬೇರೆ ಹಳ್ಳಿಗಳಿಗೆ ಹಾಕಿದರು. ಹೆಡ್‌ಮಾಸ್ತರರು ಅಮೀನಗಡದ ಕಡೆಗೆ ಹೋದರು. ನನ್ನ ಹೆಸರು ಮಾತ್ರ ಆರ್ಡರಿನಲ್ಲಿ ಇರಲಿಲ್ಲ. ‘ಚಲೋ ಆತು ಬಿಡ್ರಿ, ಆರಾಮ ಮನ್ಯಾಗ ಇರ್ರಿ. ಬರೂಮುಂದ ನಿಮಗ ತಿನ್ನಾಕ ಅಲ್ಲಿ ಕರದಂಟು ತರ್ತೇನಿ’ ಎಂದು ಅವರು ಹೇಳಿಹೋದರು. ಎಲ್ಲರೂ ಬೈದುಕೊಂಡು ಹೋಗುವ ಕೆಲಸಕ್ಕೆ ನಮ್ಮನ್ನು ಕರೆಯದಿದ್ದರೂ ಬೇಸರವಾಗುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು.

ಬೆಳಿಗ್ಗೆ ಮಡಿ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಮತ ಹಾಕಲು ಹೊರಟೆ. ನನ್ನ ಮತಗಟ್ಟೆ ನಮ್ಮ ಶಾಲೆಯೇ, ಅದರಲ್ಲೂ ನನ್ನ ಮೂರನೇ ವರ್ಗದ ಕೋಣೆ. ನನ್ನ ಕುರ್ಚಿಯಲ್ಲಿ ಬಾಗಲಕೋಟೆಯಿಂದ ಬಂದ ಅಧಿಕಾರಿಯೊಬ್ಬರು ಕುಳಿತಿದ್ದರು. ಮೂಲೆಗೆ ಅಡ್ಡಲಾಗಿ ಯಾರದೋ ಹಳೆಯ ಸೀರೆ ಕಟ್ಟಿ ಮರೆ ಮಾಡಿ, ಅದರ ಹಿಂದೆ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದರಂತೆ ಮತಪೆಟ್ಟಿಗೆ ಇಟ್ಟಿದ್ದರು. ನನಗಿಂತ ಮುಂದೆ ಹೋದ ಹೆಣ್ಣುಮಗಳೊಬ್ಬಳು ಪೆಟ್ಟಿಗೆಗೆ ಕುಂಕುಮ ಹಚ್ಚಿ ಬಂದಳೆಂದು ಅಧಿಕಾರಿಗಳು ಗೊಣಗುತ್ತಿದ್ದರು. ಅವರ ಹಿಂದಿನ ಕರಿಹಲಗೆಯ ಮೇಲೆ ನಾನೇ ಬರೆದ ಸುವಿಚಾರ ಇನ್ನೂ ಅಳಿಸದೆ ಇತ್ತು. ‘ಯಾವಾಗಲೂ ಖರೆ ಹೇಳಬೇಕು.’

ಒಬ್ಬ ಕಾರಕೂನ ಯಾದಿ ನೋಡಿ ಗಟ್ಟಿಯಾಗಿ ಓದಿದ. ‘ವಾಸುದೇವ ವೆಂಕಣ್ಣ ಕಟ್ಟಿ. ವಯಸ್ಸು ಮೂವತ್ತೆರಡು.’

ಗೋಡೆಗೆ ಹಾಕಿದ ಬೆಂಚಿನ ಮೇಲೆ ಉಮೇದುವಾರರ ಏಜಂಟರು ಕುಳಿತಿದ್ದರು. ಅವರಲ್ಲಿ ಒಬ್ಬರು ಮಲ್ಲೇಶಪ್ಪ, ನಾನು ನಾಲ್ಕು ವರ್ಷ ಸಾಮಾನು ತಂದ ಕಿರಾಣಿ ಅಂಗಡಿಯವರು. ‘ಮೂವತ್ತೆರಡು ಅಂದ್ರ್ಯಾ?’ ಎಂದು ಅವರು ಎದ್ದು ನಿಂತರು. ‘ಸಾಹೇಬ್ರ, ನನ್ನ ತಕರಾರ ಐತ್ರಿ.’

‘ಮಲ್ಲೇಶಪ್ಪನವರ, ನಾನ್ರಿ’ ಎಂದೆ.

‘ನೀವು ಮಾಸ್ತರ ಅನ್ನೂದು ನನಗ ಗೊತ್ತೈತ್ರಿ. ಅದಕ್ಕ ನಾ ಬೇಕಾದರ ಬಸವಣ್ಣನ ಆಣಿ ಮಾಡ್ತೇನಿ. ಆದ್ರ ಈ ವಾಸುದೇವ ಅನ್ನಾಂವ ಯಾರೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಹೆಂಗ ಹೇಳ್ಲಿ? ಮ್ಯಾಲ ಮೂವತ್ತೆರಡಂತ. ಆ ಟೊಪಗಿ ತಗದು ನೋಡ್ರಿ ಸಾಹೇಬ್ರ.’

ಟೊಪ್ಪಿಗೆ ತೆಗೆಯಿಸದಷ್ಟು ದಯೆ ಅಧಿಕಾರಿಗಳಿಗೆ ಇತ್ತು. ಅವರು ಸಾಲಿನ ಕಡೆ ತಿರುಗಿ, ‘ಇವರು ವಾಸುದೇವ ಕಟ್ಟಿ ಅನ್ನೂದು ಊರವರಿಗೆ ಯಾರಿಗರ ಗೊತ್ತದ ಏನ್ರಿ? ಒಬ್ಬರು ಗುರುತು ಹೇಳಿದರ ಸಾಕು’ ಎಂದರು.

ಸಾಲಿನಲ್ಲಿ ಮೂವತ್ತು ನಲವತ್ತು ಜನ ಇದ್ದರು. ಎಲ್ಲರೂ ನನಗೆ ಪರಿಚಿತರು. ಅವರ ಮಕ್ಕಳ ಮೂಗು ಒರೆಸಿ ಅಕ್ಷರ ಕಲಿಸಿದವನು ನಾನು. ‘ಮಾಸ್ತರ್ರಿ ಅವರು’ ಎಂದ ಒಬ್ಬ. ‘ಖರೇನ ಮಾಸ್ತರ್ರಿ, ಭಾಳ ಚಲೋ ಮಂದಿ’ ಎಂದ ಮತ್ತೊಬ್ಬ. ‘ಮಾಸ್ತರ ಅಂತ ಯಾದಿಯೊಳಗ ಇಲ್ಲಪಾ. ಹೆಸರು ಹೇಳ್ರಿ’ ಎಂದರು ಅಧಿಕಾರಿಗಳು. ನನ್ನ ಹೆಸರು ಬಲ್ಲ ಮಾಸ್ತರರೆಲ್ಲ ಹಳ್ಳಿಗಳಿಗೆ ಹೋಗಿದ್ದರು. ಸಾಲಿನಲ್ಲಿದ್ದ ಕೆಲವರು ಪಾಪ ನೆಲ ನೋಡತೊಡಗಿದರು, ಪಾಠ ಬಾರದ ಹುಡುಗರ ಹಾಗೆ. ಓಟು ಹೋದರೆ ಹೋಗಲಿ ಎನಿಸಿತು ನನಗೆ. ನನ್ನ ಒಂದು ಕಾಗದದಿಂದ ರಾಜ್ಯ ಏಳುವುದೂ ಇಲ್ಲ, ಬೀಳುವುದೂ ಇಲ್ಲ. ಆದರೆ ಇಷ್ಟು ಜನರಲ್ಲಿ ಒಬ್ಬರಾದರೂ ಹೌದು ಎನ್ನಲಿ ಎಂದು ಹರಕೆ ಹೊರುವುದೊಂದು ಬಾಕಿ ಇತ್ತು. ಅಷ್ಟು ಒಂಟಿತನ ಅವ್ವ ಸತ್ತ ದಿನವೂ ನನಗೆ ಅನಿಸಿರಲಿಲ್ಲ. ಅಂದು ಅಳುವುದಕ್ಕಾದರೂ ನಾಲ್ಕು ಜನ ಬಂದಿದ್ದರು.

‘ನನಗ ಗೊತ್ತೈತ್ರಿ’ ಎಂದು ಹೆಂಗಸರ ಸಾಲಿನಿಂದ ಒಂದು ದನಿ ಬಂತು. ಈರಪ್ಪನ ತಾಯಿ, ಹೊಸ ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದರು. ‘ಇವರು ವಾಸುದೇವ. ತಂದಿ ಹೆಸರು ವೆಂಕಣ್ಣ. ಅಡ್ಡಹೆಸರು ಕಟ್ಟಿ. ಮನ್ಯಾಗ ಮತ್ತ್ಯಾರೂ ಇಲ್ಲ.’ ನನಗೆ ಉಸಿರು ಬಂತು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ ಆ ಅಜ್ಜಿ? ‘ವಯಸ್ಸು ನಲವತ್ತೊಂದು’ ಎಂದೂ ಸೇರಿಸಿದರು.

ಅಧಿಕಾರಿಗಳು ಯಾದಿ ನೋಡಿದರು. ‘ಇಲ್ಲಿ ಮೂವತ್ತೆರಡು ಅಂತ ಅದ ಅಲ್ಲವಾ.’

‘ನನಗಂತೂ ನಲವತ್ತೊಂದು ಅಂತ ಹೇಳ್ಯಾರು. ಪುಸ್ತಕಕ್ಕ ಏನು ಹೇಳ್ಯಾರೋ ನನಗೇನು ಗೊತ್ತು?’

ಈಗ ಎಲ್ಲರೂ ನನ್ನನ್ನು ನೋಡಿದರು. ನಾನು ಕರಿಹಲಗೆಯನ್ನು ನೋಡಿದೆ. ನನ್ನ ಅಕ್ಷರ ಎಷ್ಟು ದುಂಡಗೆ, ಎಷ್ಟು ದೂರದಿಂದ ಓದುವ ಹಾಗೆ ಇತ್ತು ಎಂದು ಅಂದು ನನಗೆ ದುಃಖವಾಯಿತು. ‘ಅಜ್ಜಿ ಹೇಳೂದು ಖರೆ’ ಎಂದೆ. ‘ಯಾದಿ ಬರದಾಂವ ನಾನ, ಸುಳ್ಳ ಬರದಾಂವನೂ ನಾನ.’ ಸಾಲಿಗೆ ಸಾಲೇ ನಕ್ಕಿತು. ಮಲ್ಲೇಶಪ್ಪ, ‘ಹಂಗಾರ ನನ್ನ ತಕರಾರ ಇಲ್ರಿ. ನನ್ನ ತಮ್ಮನ ವಯಸ್ಸನ್ನೂ ಇವರ ಇಳಿಸಿ ಬರದಾರು’ ಎಂದು ಕುಳಿತುಕೊಂಡರು. ಅಧಿಕಾರಿಗಳು ನಗು ತಡೆದುಕೊಂಡು, ‘ಓಟಿಗೆ ಬೇಕಾದ ಇಪ್ಪತ್ತೊಂದು ದಾಟಿದ್ದಂತೂ ಎಲ್ಲಾರಿಗೂ ಕಾಣತದ’ ಎಂದು ಲೆಕ್ಕಣಿಕೆ ತೆಗೆದರು. ‘ಗುರುತು ಹೇಳಿದವರು ಯಾರು ಅಂತ ಬರೀಬೇಕು. ಇವರ ಹೆಸರೇನ್ರಿ ಮಾಸ್ತರ?’

ಪ್ರಶ್ನೆ ನನಗೆ. ಬಾಯಿ ತೆರೆದೆ. ಬಾಗಿಲ ಬಳಿಯ ರಾಟಿ ನೆನಪಿತ್ತು, ನಿಂತ ಮಗ್ಗ ನೆನಪಿತ್ತು, ‘ನಿಮ್ಮ ಹೆಸರೇನ್ರಿ’ ಎಂದು ಅವರು ಕೇಳಿದ ದನಿ ನೆನಪಿತ್ತು. ಹೆಸರು ಮಾತ್ರ ಇರಲಿಲ್ಲ. ‘ಈರಪ್ಪನ...’ ಎಂದು ನಾಲಿಗೆ ಹೊರಟು ಅಲ್ಲಿಗೇ ನಿಂತಿತು. ಅಜ್ಜಿ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ಕೆಲವು ಗಳಿಗೆಯ ಹಿಂದೆ ನಾನು ಸಾಲಿನವರ ಮುಖ ನೋಡಿದ್ದು ಹೀಗೆಯೇ.

ಕೊನೆಗೆ ಅವರೇ ಅಧಿಕಾರಿಗಳ ಕಡೆ ತಿರುಗಿ, ‘ಬನಶಂಕರವ್ವ’ ಎಂದರು. ‘ಬರಕೊಳ್ರಿ.’

ಬನಶಂಕರವ್ವ. ನಮ್ಮೂರ ಮಗ್ಗುಲಲ್ಲಿ ಇರುವ ದೇವಿ. ಹುಟ್ಟಿದಂದಿನಿಂದ ಕೈ ಮುಗಿದ ಹೆಸರು. ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೆ ಅದು ಫರಸಿ ಕಲ್ಲು ಹಾಸಿದ ನೆಲ, ಬಾಯಿ ಬಿಡುವಂಥದಲ್ಲ.

ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಸೀರೆಯ ಮರೆಗೆ ಹೋಗಿ ಯಾವುದೋ ಪೆಟ್ಟಿಗೆಯಲ್ಲಿ ಕಾಗದ ಹಾಕಿ ಹೊರಗೆ ಬಂದೆ. ಯಾವ ಪೆಟ್ಟಿಗೆ ಎಂದು ಇಂದಿಗೂ ನೆನಪಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿಯೂ ಬಂದರು, ಶಾಯಿ ಆರಲೆಂದು ಬೆರಳನ್ನು ಎತ್ತಿ ಹಿಡಿದುಕೊಂಡು. ‘ಬನಶಂಕರವ್ವ, ನನ್ನದು ತಪ್ಪಾತು’ ಎಂದೆ.

‘ಇರ್ಲಿ ಬಿಡ್ರಿ. ಊರಂದೆಲ್ಲಾ ಬರಕೊಂಡಾವರಿಗೆ ಒಂದ ಹೆಸರ ಎಲ್ಲಿ ನೆನಪ ಇರತೈತಿ? ನಾ ಕೇಳಿದ್ದು ನಿಮ್ಮದೊಂದ, ಅದಕ್ಕ ನೆನಪ ಉಳೀತು’ ಎಂದರು. ನಾನು ಇನ್ನೂ ಸ್ವಲ್ಪ ನಿಂತೆ. ಯಾತಕ್ಕೆ ನಿಂತಿದ್ದೇನೆಂದು ನನಗೆ ಗೊತ್ತಿತ್ತು. ಹೆಸರು ಗೊತ್ತಿದ್ದವರು, ಒಮ್ಮೆ ಕರೆದಾರು ಎಂದು. ಅವರು ಸೆರಗು ಸರಿಪಡಿಸಿಕೊಂಡು, ‘ಬರ್ತೇನ್ರಿ ಮಾಸ್ತರ’ ಎಂದು ಓಣಿಯ ಕಡೆ ನಡೆದರು.

ಎರಡು ದಿನದ ಮೇಲೆ ಶಾಲೆ ತೆರೆಯಿತು. ಹೆಡ್‌ಮಾಸ್ತರರು ತಂದ ಕರದಂಟು ಮಾಸ್ತರರ ಕೈಯಿಂದ ಕೈಗೆ ಹೋಗಿ ನನ್ನ ಹತ್ತಿರ ಬರುವ ಹೊತ್ತಿಗೆ ಸುತ್ತಿದ ಕಾಗದವಷ್ಟೇ ಉಳಿದಿತ್ತು. ವರ್ಗಕ್ಕೆ ಹೋಗಿ ಹಾಜರಿ ಪುಸ್ತಕ ತೆಗೆದೆ. ಅಲ್ಲಿಯವರೆಗೆ ನಾನು ಹಾಜರಿಯನ್ನು ನಂಬರಿನ ಮೇಲೆ ಕರೆಯುತ್ತಿದ್ದೆ, ಬೇಗ ಮುಗಿಯುತ್ತದೆ ಎಂದು. ಅಂದು ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹಿಡಿದು ಕರೆದೆ. ಮಕ್ಕಳು ಮೊದಲು ಬೆದರಿ, ಆಮೇಲೆ ಹುರುಪಿನಿಂದ ‘ಹಾಜರ್ರಿ’ ಎನ್ನತೊಡಗಿದರು. ಕೊನೆಯ ಹೆಸರು ಮುಗಿದ ಮೇಲೆ ನನಗೆ ಏನೆನಿಸಿತೋ ಏನೋ, ಪುಸ್ತಕದಲ್ಲಿ ಇಲ್ಲದ್ದನ್ನೂ ಕರೆದೆ. ‘ವಾಸುದೇವ ವೆಂಕಣ್ಣ ಕಟ್ಟಿ.’

ವರ್ಗವೆಲ್ಲ ಅತ್ತಿತ್ತ ನೋಡಿತು. ಆಮೇಲೆ ನನಗೆ ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಎಲ್ಲರೂ ಕೂಡಿಯೇ ಹೇಳಿದರು: ‘ಅಂವಾ ಬಂದಿಲ್ರಿ ಮಾಸ್ತರ.’