ಸಾವ್ಕಾರ್ರ ಮನೆ ಮುಂದೆ ಜನವೋ ಜನ

ರಿಟೈರಾದ ಮೇಲೆ ಜೀವನ ತಣ್ಣಗಿರುತ್ತೆ ಅಂತ ಯಾವ ಪುಣ್ಯಾತ್ಮ ಹೇಳಿದನೋ! ನಂಜನಗೂಡಿನಲ್ಲಿ ನಾನು ಬೆಳಗ್ಗೆ ಎದ್ದು ಹೊಳೆ ಕಡೆ ಹೋದರೆ ಸಾಕು, ಏನಾದರೊಂದು ಎಡವಟ್ಟು ಆಗದೆ ಮನೆಗೆ ಬಂದದ್ದೇ ಇಲ್ಲ.

ವಾಕಿಂಗು

ಶುಗರ್ ಇದೆ, ದಿನಾ ನಡೀರಿ ಅಂತ ಡಾಕ್ಟರು ಹೇಳಿದ್ದಕ್ಕೆ ನಾವು ಏಳೆಂಟು ಮುದುಕರು ಸೇರಿ ವಾಕಿಂಗ್ ಗುಂಪು ಕಟ್ಟಿದೆವು. ಕಪಿಲಾ ದಡದ ಕಲ್ಲುಬೆಂಚಿನವರೆಗೆ ನಡೆಯುತ್ತೇವೆ. ಆಮೇಲೆ ಕೂರುತ್ತೇವೆ. ಒಂದಿನ ಡಾಕ್ಟರೇ ಬಂದು, "ಏನ್ರೀ, ವಾಕಿಂಗ್ ಅಂದ್ರೆ ಇದೇನಾ?" ಅಂತ ರೇಗಿದರು.

"ಕೂತ್ಕಳಿ ಸಾ, ಅರ್ಧ ಟೀ ಕುಡುದು ಬಯ್ಯಿ" ಅಂದ ನಮ್ಮ ಗುಂಪಿನ ಡ್ರೈವರಣ್ಣ.

ಈಗ ಡಾಕ್ಟರೂ ದಿನಾ ಬಂದು ಕೂರುತ್ತಾರೆ.

ತಲೆ ಎಣಿಕೆ

ನಾನು ನರಸೀಪುರದ ರೂಟಿನಲ್ಲಿ ಬಸ್ ಕಂಡಕ್ಟರಾಗಿದ್ದವನು. ತಲೆ ಎಣಿಸದೆ ಇರೋಕೆ ಆಗೋದೇ ಇಲ್ಲ. ಬೆಂಚಿನ ಮೇಲೂ ಎಣಿಸುತ್ತೇನೆ. ನಮ್ಮ ಗುಂಪಿನಲ್ಲೇ ಇರೋ, ಬೆಲ್ಲದ ಮಂಡಿ ಇಟ್ಟಿದ್ದ ಸಾವ್ಕಾರ್ರಿಗೆ ಇದು ಕಂಡರೆ ಉರಿ. ಹೆಂಡತಿ ತೀರಿಕೊಂಡ ಮೇಲೆ ಅವರು ಒಬ್ಬರೇ. ಮನೆಗೆ ಯಾರನ್ನೂ ಕರೆಯೋಲ್ಲ.

"ಎಣಿಸ್ಕಂಡು ಏನ್ ಮಾಡ್ತೀರಿ ಕಂಡಕ್ಟ್ರೇ? ನಾಳೆ ನಾನ್ ಸತ್ರೆ ಒಂದ್ ನರಪಿಳ್ಳೆ ಬರಕಿಲ್ಲ ನಮ್ಮನೆ ತಾವ."

ಈ ಮಾತು ಕೇಳಿದಾಗಲೆಲ್ಲ ನನಗೆ ಕರುಳು ಚುರುಕ್ ಅನ್ನೋದು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಬತ್ತೀವಿ ಬುಡಿ ಸಾವ್ಕಾರ್ರೇ, ಅವಸರ ಮಾಡ್ಬೇಡಿ" ಅನ್ನುತ್ತಿದ್ದೆ.

ಒಬ್ಬರು ಕಮ್ಮಿ

ಮೊನ್ನೆ ಎಣಿಸಿದರೆ ಒಬ್ಬರು ಕಮ್ಮಿ. ಸಾವ್ಕಾರ್ರಿಲ್ಲ! ಫೋನ್ ಎತ್ತಲಿಲ್ಲ. ಎಲ್ಲರೂ ದಡಬಡ ಅವರ ಮನೆಗೆ ಓಡಿದೆವು. ಡಾಕ್ಟರು ಹೇಳಿದ ವಾಕಿಂಗು ಸರಿಯಾಗಿ ಆದದ್ದು ಅವತ್ತೇ.

ಎಳೆದರೆ ತಾನೇ ಲಾಕಾಗೋ ಬಾಗಿಲು. ಎಷ್ಟು ಬಡಿದರೂ ಉತ್ತರವಿಲ್ಲ. ಫೋನ್ ಮಾತ್ರ ಒಳಗೇ ಹೊಡಕೊಳ್ಳುತ್ತಿದೆ. ಬೀದಿಗೆ ಬೀದಿಯೇ ಸೇರಿತು. ಡ್ರೈವರಣ್ಣ ಮೊದಲಿಂದಲೂ ಓವರ್‌ಟೇಕ್ ಗಿರಾಕಿ. ಅಷ್ಟರಲ್ಲೇ ಹೋಗಿ ಒಂದು ಹಾರ ತಂದುಬಿಟ್ಟಿದ್ದ.

ಹಿಂದಿನಿಂದ ಯಾರೋ ಗಾಬರಿಯಲ್ಲಿ ಕೇಳಿದರು: "ಇದು ನಮ್ಮನೆ ಕಣ್ರಪ್ಪಾ. ಇರೋನು ನಾನೊಬ್ನೇ. ಓಗ್ಬುಟ್ಟೋರು ಯಾರು?"

ತಿರುಗಿ ನೋಡಿದರೆ ಸಾವ್ಕಾರ್ರು! ನುಣ್ಣಗೆ ಶೇವಿಂಗು, ಹೊಸ ಕಟಿಂಗು.

"ಒಂದ್ ಮಾತ್ ಏಳ್ಬುಟ್ಟು ಓಗಕೆ ಏನ್ ರೋಗ ನಿಮ್ಗೆ?" ನಾನು ಅಳುತ್ತಲೇ ಬೈದೆ.

ಅವರು ಜನವನ್ನೆಲ್ಲ ಒಂದು ಸುತ್ತು ನೋಡಿದರು. ಕಣ್ಣು ತುಂಬಿಬಂತು. "ಇಷ್ಟೊಂದ್ ಜನಾನಾ ನಂಗೆ!"

ಡ್ರೈವರಣ್ಣ ಹಾರವನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದ. ಸಾವ್ಕಾರ್ರು ನೋಡಿಬಿಟ್ಟರು.

"ತಾ ಇಲ್ಲಿ, ಈಗ್ಲೇ ಹಾಕು. ಆಗ ಹಾಕುದ್ರೆ ನಾನ್ ನೋಡಕಾಯ್ತದಾ?"

ಹಾರ ಹಾಕಿಕೊಂಡೇ ಬಾಗಿಲು ತೆಗೆದರು. "ಬನ್ರಪ್ಪಾ, ಎಲ್ರೂ ಒಳಕ್ ಬನ್ನಿ. ಕಂಡಕ್ಟ್ರೇ, ನೋಡ್ತಾ ನಿಂತ್ರಲ್ಲ! ತಲೆ ಎಣಿಸ್ರೀ, ಕಾಫಿಗೆ ಆಲು ತರ್ಬೇಕು!"

ಮೊದಲು ಅವರ ತಲೆಯನ್ನೇ ಮುಟ್ಟಿ "ಒಂದು" ಅಂದೆ.